ಆರು ಗಂಟೆಯವರು

ಏಪ್ರಿಲ್ 9, ಬೆಳಿಗ್ಗೆ

ಎದ್ದೆ. ಹಾಲು ಉಕ್ಕಿತು. ದಿನಾ ಉಕ್ಕುತ್ತದೆ, ದಿನಾ ಒರೆಸುತ್ತೇನೆ. ಲೋಟ ಹಿಡಿದು ಬಂದು ಇಂಟರ್‌ನೆಟ್ಟಿನ ನನ್ನ ಪುಟ ನೋಡಿದೆ. ಐದು ಗಂಟೆಗೆ ಸರಿಯಾಗಿ ಇವತ್ತಿನ ಟಿಪ್ಪಣಿ ತಾನಾಗಿ ಪ್ರಕಟವಾಗಿದೆ. ಅಕಸ್ಮಾತ್ ಮುಚ್ಚಿಹೋದ ಟ್ಯಾಬನ್ನು ವಾಪಸ್ ತರುವುದು ಹೇಗೆ. ಕಂಟ್ರೋಲ್, ಶಿಫ್ಟ್, ಟಿ. ಮೂರು ಬೆರಳಿನ ಕೆಲಸ.

ದಿನಕ್ಕೊಂದು ಟಿಪ್ಪಣಿ, ಕಂಪ್ಯೂಟರ್ ಎಂದರೆ ಪ್ರಾಣ ಬಿಡುವವರಿಗೆ. ಅಂಥವರು ನನ್ನನ್ನು ಬಿಟ್ಟು ಇನ್ಯಾರಾದರೂ ಇದ್ದರೆ! ಭಾನುವಾರ ಕೂತು ವಾರದ್ದನ್ನೆಲ್ಲ ಒಟ್ಟಿಗೆ ಬರೆದು ಶೆಡ್ಯೂಲ್ ಮಾಡಿಟ್ಟರೆ ಮುಗಿಯಿತು. ಬೆಳಿಗ್ಗೆ ಐದಕ್ಕೆ ಒಂದೊಂದೇ ಹೊರಗೆ ಬರುತ್ತದೆ, ನೆತ್ತಿಯ ಮೇಲೆ ಆ ದಿನದ ತಾರೀಖು ದಪ್ಪ ಅಕ್ಷರದಲ್ಲಿ. ನಾನು ಎದ್ದಿರಲಿ, ಮಲಗಿರಲಿ, ಅದಕ್ಕೆ ಸಂಬಂಧವಿಲ್ಲ.

ಹೋದ ತಿಂಗಳು ಪುಟಕ್ಕೆ ಬಂದವರನ್ನು ಎಣಿಸುವ ಕೌಂಟರ್ ಹಾಕಿದ್ದೇ ತಪ್ಪಾಯಿತು. ಅಲ್ಲಿಯವರೆಗೆ ಲೋಕವೇ ಓದುತ್ತಿದೆ ಎಂದುಕೊಂಡಿದ್ದೆ. ನಿನ್ನೆ ಬಂದವರು ಮೂವರು. ಒಬ್ಬಳು ನಾನೇ. ಇನ್ನೊಂದು, ಹುಡುಕುವ ಸೈಟಿನ ಯಂತ್ರ. ಮೂರನೆಯದು ಮನುಷ್ಯ ಇರಬೇಕು... ಬೆಳಿಗ್ಗೆ ಆರು ದಾಟಿದ ಮೇಲೆ ಬಂದಿದ್ದಾರೆ. ಮೊನ್ನೆಯೂ ಅಷ್ಟು ಹೊತ್ತಿಗೇ. ಅದರ ಹಿಂದಿನ ದಿನವೂ.

ಈ ದಿನಚರಿ ಮಾತ್ರ ಕಾಗದದಲ್ಲಿ. ಕಂಪ್ಯೂಟರಿನಲ್ಲಿ ಬರೆದರೆ ಅದಕ್ಕೂ ಬ್ಯಾಕಪ್ ಮಾಡಬೇಕು, ಯಾರಿಗೆ ಬೇಕು ಆ ತಲೆನೋವು.

ಏಪ್ರಿಲ್ 12, ಸಂಜೆ

ಆಫೀಸು. ಸಾಗಣೆ ಕಂಪನಿಯ ಬಿಲ್ಲಿಂಗ್ ವಿಭಾಗ. ಕಿಟಕಿಯಿಲ್ಲದ ಮೂಲೆ ನನ್ನದು.

"ಮೇಡಂ, ಪ್ರಿಂಟರ್ ಕಾಗದ ನುಂಗ್ತಿದೆ." "ಮೇಡಂ, ನನ್ ಫೈಲ್ ಎಲ್ಲೋ ಹೊರಟುಹೋಯ್ತು." ಎಲ್ಲಿಗೂ ಹೋಗಿರುವುದಿಲ್ಲ, ಡೌನ್‌ಲೋಡ್ಸ್‌ನಲ್ಲಿ ಬಿದ್ದುಕೊಂಡಿರುತ್ತದೆ. ತೆಗೆದುಕೊಟ್ಟೆ. "ನೀವಿಲ್ದಿದ್ರೆ ನಮ್ ಗತಿ ಏನು ಮೇಡಂ!" ಎಂದರು ಮ್ಯಾನೇಜರು, ನನ್ನ ಮುಖ ನೋಡದೆ.

ಒಂದು ಗಂಟೆಗೆ ಎಲ್ಲರೂ ಡಬ್ಬಿ ಹಿಡಿದು ಗುಂಪಾಗಿ ಊಟಕ್ಕೆ ಹೋದರು. ಯಾರೂ ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆನೋ ಇಲ್ಲವೋ, ಆ ಮಾತು ಬೇರೆ. ಕರೆಯಬಹುದಿತ್ತು.

ಏಪ್ರಿಲ್ 14, ಭಾನುವಾರ

ಇವತ್ತೂ ಬಂದಿದ್ದಾರೆ. ಭಾನುವಾರವೂ! ಹೆಸರು ಇಟ್ಟುಬಿಟ್ಟೆ... ಆರು ಗಂಟೆಯವರು.

ಕೌಂಟರ್ ಸುಮ್ಮನೆ ಎಣಿಸುವುದಿಲ್ಲ, ಚಾಡಿಯನ್ನೂ ಹೇಳುತ್ತದೆ. ಪರದೆ ಸಣ್ಣದು, ಹಳೆಯ ಕಾಲದ ಚೌಕ ಮಾನಿಟರ್. ಬ್ರೌಸರ್ ಮುದಿಯಾಗಿದೆ, ಯಾವ ಕಾಲದಿಂದ ಅಪ್‌ಡೇಟ್ ಮಾಡಿಲ್ಲವೋ. ಊರು ಎಲ್ಲೋ ದೂರದ್ದು, ನಾನು ಒಮ್ಮೆಯೂ ಹೋಗದ ದೊಡ್ಡ ಊರು. ಬರುತ್ತಾರೆ, ಒಂದೆರಡು ನಿಮಿಷ ಇರುತ್ತಾರೆ, ಹೋಗುತ್ತಾರೆ. ಯಾವ ಲಿಂಕನ್ನೂ ಒತ್ತುವುದಿಲ್ಲ. ನಿಧಾನವಾಗಿ, ಪೂರ್ತಿ ಓದುವವರು ಇರಬೇಕು. ಈ ಕಾಲದಲ್ಲಿ ಅಂಥವರು ಸಿಗುವುದೇ ಅಪರೂಪ.

ಯಾರಿರಬಹುದು? ಮನೆಗೆಲ್ಲ ಒಂದೇ ಕಂಪ್ಯೂಟರು, ಉಳಿದವರು ಏಳುವ ಮುಂಚೆ ಕದ್ದು ಕೂರುವವರು... ನಾನು ಹಾಗೇ ಕಲಿತದ್ದು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಇದ್ದದ್ದೊಂದು ಕಂಪ್ಯೂಟರು, ಕಸ ಗುಡಿಸುವವರ ಜೊತೆಗೇ ಒಳಗೆ ನುಗ್ಗುತ್ತಿದ್ದೆ. ಪತ್ರಿಕೆಯ ಜೊತೆ ಬರುತ್ತಿದ್ದ ಸಿ.ಡಿ.ಯನ್ನು ಗೀರು ಬೀಳುವವರೆಗೆ ತಿರುಗಿಸಿದೆ. ಲೈಬ್ರರಿಯ ಪುಸ್ತಕ ಅರ್ಥವಾಗದಿದ್ದರೆ ಎಫ್-ಒಂದು ಒತ್ತಿ ಹೆಲ್ಪ್ ಪುಟಗಳನ್ನೇ ಓದಿದೆ. ಗುರು ಅಂತ ಯಾರೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಈ ವಾರದ್ದೆಲ್ಲ ಆರು ಗಂಟೆಯವರಿಗೇ ಬರೆದೆ. ಹಳೆಯ ಯಂತ್ರದ ಧೂಳು ತೆಗೆಯುವುದು: ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳಿ, ಮೆತ್ತನೆಯ ಬ್ರಷ್ ಇರಲಿ. ಅಕ್ಷರ ದೊಡ್ಡದು ಮಾಡುವುದು: ಕಂಟ್ರೋಲ್ ಒತ್ತಿ ಪ್ಲಸ್. ದುಡ್ಡು ಕೊಡದೆ ಟೈಪಿಂಗ್ ಕಲಿಯುವುದು ಎಲ್ಲಿ. ಬ್ರೌಸರ್ ಅಪ್‌ಡೇಟ್ ಮಾಡುವುದು ಹೇಗೆ. ಈ ಕೊನೆಯದನ್ನು ಸ್ವಲ್ಪ ಗದರಿಸಿಯೇ ಬರೆದಿದ್ದೇನೆ.

ಏಪ್ರಿಲ್ 20

ಅಪ್‌ಡೇಟ್ ಮಾಡಿಲ್ಲ! ಹೇಳಿದ್ದು ಕಿವಿಗೇ ಹೋಗಿಲ್ಲ. ಅದೇ ಮುದಿ ಬ್ರೌಸರಿನಲ್ಲಿ ಆರಾಮಾಗಿ ಬಂದು ಹೋಗಿದ್ದಾರೆ. ಎಂಥ ಹಟ ಇದು. ಕೋಪ ಬಂತು. ಆಮೇಲೆ ನಗು ಬಂತು. ಒಬ್ಬರ ಮೇಲೆ ಕೋಪ ಮಾಡಿಕೊಂಡು ಎಷ್ಟು ಕಾಲವಾಗಿತ್ತೋ ಏನೋ.

ಟಿಪ್ಪಣಿಯ ಕೆಳಗೆ ಒಂದು ಗುಂಡಿ ಹಾಕಿದೆ. "ಓದುತ್ತಿದ್ದೀರಾ? ಇದನ್ನೊಮ್ಮೆ ಒತ್ತಿ." ಹೆಸರು ಬೇಡ, ಮೇಲ್ ಬೇಡ. ಒಂದು ಒತ್ತು ಸಾಕು.

ಏಪ್ರಿಲ್ 23

ಬಂದರು. ಒತ್ತಲಿಲ್ಲ. ಮೂರು ದಿನವೂ.

ಅಕೌಂಟೆಂಟ್ ಸ್ಟೇಪ್ಲರ್ ಕೇಳಲು ಬಂದವರು ನನ್ನ ಪರದೆ ನೋಡಿದರು. ಬಾಯಿ ತಡೆಯದೆ ಹೇಳಿಬಿಟ್ಟೆ, ಆರು ಗಂಟೆಯವರ ಬಗ್ಗೆ. "ಅಯ್ಯೋ ಮೇಡಂ, ಅದು ಮನುಷ್ಯ ಅಲ್ಲ, ಬಾಟ್ ಇರ್ಬೇಕು. ದಿನಾ ಒಂದೇ ಟೈಮು, ಏನೂ ಕ್ಲಿಕ್ ಮಾಡಲ್ಲ... ಯಂತ್ರದ ಕೆಲಸ." ಸ್ಟೇಪ್ಲರ್ ತೆಗೆದುಕೊಂಡು ಹೋದರು.

ನನಗೆ ಹೇಳಿಕೊಡುತ್ತಾರೆ, ಬಾಟ್ ಎಂದರೆ ಏನೆಂದು. ಬಾಟ್ ಎರಡು ನಿಮಿಷ ಕೂರುವುದಿಲ್ಲ. ಬಾಟ್‌ಗೆ ಚೌಕ ಮಾನಿಟರ್ ಯಾಕೆ ಬೇಕು? ಅದೆಲ್ಲ ಗೊತ್ತು. ಆದರೂ ಮಧ್ಯಾಹ್ನವಿಡೀ ಮನಸ್ಸು ಕೊರೆಯುತ್ತಲೇ ಇತ್ತು. ಸ್ಟೇಪ್ಲರ್ ಇನ್ನೂ ವಾಪಸ್ ಬಂದಿಲ್ಲ.

ಗುಂಡಿ ತೆಗೆದುಹಾಕಿದೆ. ಬೇಡಿ ತಿಂದ ಹಾಗೆ ಅನ್ನಿಸಿತು.

ಏಪ್ರಿಲ್ 28, ಭಾನುವಾರ

ಮುಂದಿನ ತಿಂಗಳು ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್. ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುವುದಿಲ್ಲ. ಹಾಗಾಗಿ ಇಡೀ ದಿನ ಕೂತು ಜೂನ್ ಮಧ್ಯದವರೆಗಿನ ಟಿಪ್ಪಣಿಗಳನ್ನು ಬರೆದು ಶೆಡ್ಯೂಲ್ ಮಾಡಿದೆ. ಬೆನ್ನು ಹಿಡಿದುಕೊಂಡಿದೆ. ಆದರೆ ಎಂಥ ನೆಮ್ಮದಿ! ಇನ್ನು ನಾನು ಸತ್ತರೂ ಪುಟ ನಡೆಯುತ್ತದೆ.

ಮೇ 4

ಮೈಕೈ ನೋವು. ಹೊಸ ಸಾಫ್ಟ್‌ವೇರಿನ ಪ್ರಭಾವ ಇರಬೇಕು. ಬೇಗ ಮಲಗುತ್ತೇನೆ.

ಮೇ 6

ಜ್ವರ. ಅಕ್ಷರ ಓಡುತ್ತಿಲ್ಲ.

ಮೇ 17, ಬೆಳಿಗ್ಗೆ

ಇವತ್ತು ಪೆನ್ನು ಹಿಡಿಯಲು ಆಯಿತು.

ಏನೆಂದು ಬರೆಯಲಿ. ಕೆಳಗಿನ ಓನರಮ್ಮ ಮಗಳ ಮನೆಗೆ ಹೋಗಿದ್ದರು. ಒಂದು ದಿನ, ಎರಡನೆಯದೋ ಮೂರನೆಯದೋ, ಬಚ್ಚಲಿನಿಂದ ಮಂಚದವರೆಗೆ ಬರಲಾಗದೆ ನೆಲದ ಮೇಲೇ ಕೂತೆ. ನೆಲ ತಣ್ಣಗಿತ್ತು. ಹಾಗೇ ಒರಗಿದೆ. ಹಾಲಿನವನು ಬಾಗಿಲು ತಟ್ಟಿದ, ಏಳಲಾಗಲಿಲ್ಲ, ಹೊರಟುಹೋದ. ಆವತ್ತು ನಿಜವಾಗಿ ಹೆದರಿದೆ. ಇಲ್ಲೇ ಏನಾದರೂ ಆದರೆ ಯಾವತ್ತು, ಯಾರಿಗೆ ಗೊತ್ತಾಗುತ್ತದೆ ಎಂದು ಲೆಕ್ಕ ಹಾಕಿದೆ. ಲೆಕ್ಕ ಚೆನ್ನಾಗಿ ಬರಲಿಲ್ಲ.

ಫೋನ್ ಬಂದದ್ದು ಒಂದು ಸಲ. ಆಫೀಸಿನಿಂದ.

"ಮೇಡಂ, ಹುಷಾರಿಲ್ವಂತೆ?"

"ಹೂಂ, ಜ್ವರ. ಎದ್ದು ನಿಲ್ಲೋಕೂ—"

"ಹೌದಾ, ಛೇ. ರೆಸ್ಟ್ ತಗೊಳಿ ಮೇಡಂ. ಆ ಪ್ರಿಂಟರ್ ಪಾಸ್‌ವರ್ಡ್ ಒಂದು ಹೇಳಿಬಿಡ್ತೀರಾ?"

ಹೇಳಿದೆ. ಅಷ್ಟು ಜ್ವರದಲ್ಲೂ ಒಂದಕ್ಷರ ತಪ್ಪಲಿಲ್ಲ.

ಬೇರೆ ಯಾರೂ ಬರಲಿಲ್ಲ. ಯಾರೂ ಕೇಳಲಿಲ್ಲ. ಬರೆದಿಡುತ್ತಿದ್ದೇನೆ, ಸುಮ್ಮನೆ.

ಬಳಿಕ ಪುಟ ತೆರೆದು ನೋಡಿದೆ. ನಾನು ನೆಲದ ಮೇಲೆ ಬಿದ್ದಿದ್ದ ದಿನವೂ ಬೆಳಿಗ್ಗೆ ಐದಕ್ಕೆ ಹೊಸ ತಾರೀಖು ಹಾಕಿಕೊಂಡು ಟಿಪ್ಪಣಿ ಹೊರಗೆ ಬಂದಿದೆ, ಮದುವೆಮನೆಗೆ ಹೊರಟವರ ಹಾಗೆ. ಆರು ಗಂಟೆಯವರೂ ಒಂದು ದಿನ ತಪ್ಪಿಸಿಲ್ಲ. ಕೌಂಟರಿನ ಆ ಸಾಲುಗಳನ್ನು ಮೇಲಿಂದ ಕೆಳಗೆ ನೋಡುತ್ತಾ ಅಳು ಬಂತು. ಇವರೊಬ್ಬರಾದರೂ ದಿನಾ ಬಂದು ಹೋಗಿದ್ದಾರಲ್ಲ.

ಜೂನ್ 3

ಮೊನ್ನೆ ಬರಲಿಲ್ಲ. ನಿನ್ನೆ ಬರಲಿಲ್ಲ. ಇವತ್ತೂ ಇಲ್ಲ.

ಕೌಂಟರ್ ಕೆಟ್ಟಿರಬೇಕೆಂದು ತಿರುಗಾ ಮುರುಗಾ ನೋಡಿದೆ. ಕೆಟ್ಟಿಲ್ಲ. ನನ್ನನ್ನು ಸರಿಯಾಗಿಯೇ ಎಣಿಸುತ್ತಿದೆ.

ಜೂನ್ 6

ಇಲ್ಲ.

ಅಪ್‌ಡೇಟ್ ಮಾಡಿ ಮಾಡಿ ಎಂದು ಗದರಿಸಿದ್ದಕ್ಕೆ ಬೇಜಾರಾಯಿತೋ? ಇಲ್ಲ ಯಂತ್ರ ಕೆಟ್ಟಿತೋ? ಇಲ್ಲ ಅವರಿಗೇ ಏನಾದರೂ... ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಯಾರನ್ನು ಕೇಳಲಿ. ಬೆಳಿಗ್ಗೆ ಚಹಾ ಕುಡಿಯುವುದೇ ಬೇಡವಾಗಿದೆ. ಒಬ್ಬ ಓದುಗರು ಹೋದದ್ದಕ್ಕೆ ಇಷ್ಟು ಒದ್ದಾಡುತ್ತೇನೆಂದು ಗೊತ್ತಾದರೆ ಅಕೌಂಟೆಂಟ್ ನಗುತ್ತಾರೆ. ನಗಲಿ. ಸಂಕಟವಾಗುತ್ತಿದೆ, ಅಷ್ಟೇ.

ಜೂನ್ 8, ಸಂಜೆ

ಚಿಕ್ಕಮ್ಮನ ಸೊಸೆಯ ಮೆಸೇಜು. "ಅಕ್ಕ, ಕಂಪ್ಯೂಟರ್ ಆನ್ ಆಗ್ತಿಲ್ಲ. ಅತ್ತೆ ಒಂದು ವಾರದಿಂದ ಪ್ರಾಣ ತಿಂತಿದಾರೆ. ಅವ್ಳನ್ನ ಕರಿ, ಅವ್ಳನ್ನ ಕರಿ ಅಂತ. ನಾಳೆ ಬರ್ತೀರಾ?"

ನೋಡಿ! ವರ್ಷ ದಾಟಿತು ಆ ಮನೆಗೆ ಹೋಗಿ. ಸೊಸೆ ಕಳಿಸುವುದು ಹೂವಿನ ಚಿತ್ರ, ಅದರ ಮೇಲೆ ಶುಭೋದಯ. ಜ್ವರ ಬಂದಾಗ ಯಾರೂ ಇಲ್ಲ, ಕಂಪ್ಯೂಟರ್ ಕೆಟ್ಟಾಗ ಮಾತ್ರ ಅಕ್ಕ. ಎಲ್ಲರಿಗೂ ನಾನು ಸ್ಕ್ರೂಡ್ರೈವರ್.

ಚಿಕ್ಕಮ್ಮನ ಮೇಲೆ ಕೋಪವಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಕಡ್ಡಿ ಎಂದು ಕರೆಯುವವಳು ಲೋಕದಲ್ಲಿ ಅವಳೊಬ್ಬಳೇ. ಫೋನ್ ಮಾಡೋಣವೆಂದರೆ ಅವಳ ಕಿವಿ ಪೂರ್ತಿ ಹೋಗಿದೆ. "ಆಂ? ಆಂ?" ಎಂದು ನಾಲ್ಕು ಸಲ ಕೂಗಿ, "ಏನೂ ಕೇಳಲ್ಲ ಕಣೇ, ಇಡ್ತೀನಿ" ಎನ್ನುತ್ತಾಳೆ. ಹಾಗಾಗಿ ನಾನೂ ಮಾಡುವುದು ಬಿಟ್ಟೆ. ನನ್ನ ಹಳೆಯ ಕಂಪ್ಯೂಟರನ್ನು ಅವಳಿಗೆ ಕೊಟ್ಟದ್ದೇ ಮರೆತಿತ್ತು. ಗುಜರಿಗೆ ಹಾಕಿರಬಹುದೆಂದುಕೊಂಡಿದ್ದೆ.

ಹೋಗಿ ಬರುತ್ತೇನೆ.

ಜೂನ್ 10, ಬೆಳಿಗ್ಗೆ

ಆಫೀಸಿಗೆ ರಜೆ ಹಾಕಿದೆ. ನಿನ್ನೆಯದನ್ನು ಬರೆಯಬೇಕು.

ಎರಡೂವರೆ ಗಂಟೆ ಬಸ್ಸು. ಮೂರನೆಯ ಮಹಡಿ. ಚಿಕ್ಕಮ್ಮನ ಮಗ ಡ್ಯೂಟಿಗೆ ಹೋಗಿದ್ದ. ಸೊಸೆ ಇಸ್ತ್ರಿ ಮಾಡುತ್ತಿದ್ದಳು. ಚಿಕ್ಕಮ್ಮ ಕಿಟಕಿಯ ಹತ್ತಿರ, ಸತ್ತ ಕಂಪ್ಯೂಟರಿನ ಮುಂದೆಯೇ ಕೂತಿದ್ದಳು, ಊರುಗೋಲು ಮೇಜಿಗೆ ಒರಗಿತ್ತು. ನನ್ನ ಗಲ್ಲ ಹಿಡಿದು ತುಂಬ ಹೊತ್ತು ನೋಡಿದಳು.

"ಇಳಿದುಹೋಗಿದೀಯಲ್ಲೇ ಕಡ್ಡಿ."

"ಚೆನ್ನಾಗಿದೀನಿ ಚಿಕ್ಕಮ್ಮ!" ಕಿರುಚಿದೆ.

"ಆಂ?"

ಬಿಟ್ಟೆ. ಪೆಟ್ಟಿಗೆ ಬಿಚ್ಚಿದೆ. ಒಳಗೆ ಬೆಕ್ಕಿನಷ್ಟು ಧೂಳು. ರ‍್ಯಾಮ್ ಪಟ್ಟಿ ತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಟಕ್ ಎನ್ನುವವರೆಗೆ ವಾಪಸ್ ಒತ್ತಿದೆ. ನೂರು ಸಲ ಬರೆದ ಟಿಪ್ಪಣಿ ಇದು. ಸ್ವಿಚ್ ಹಾಕಿದೆ. ಬೀಪ್ ಎಂದಿತು. ಚೌಕ ಮಾನಿಟರ್ ಹೊತ್ತಿಕೊಂಡಿತು.

ಚೌಕ ಮಾನಿಟರ್. ಆಗಲೂ ನನಗೆ ಹೊಳೆಯಲಿಲ್ಲ.

ನಾನು ಏನನ್ನೂ ಮುಟ್ಟಿರಲಿಲ್ಲ. ಬ್ರೌಸರ್ ತಾನಾಗಿ ತೆರೆಯಿತು. ನನ್ನ ಪುಟ ಬಂತು. ಮೇಲೆ ದಪ್ಪ ಅಕ್ಷರದಲ್ಲಿ ತಾರೀಖು. ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಬಗ್ಗಿ, ಆ ತಾರೀಖಿನ ಕೆಳಗೆ ಬೆರಳಿಟ್ಟು ಓದಿದಳು. "ಜೂನ್... ಒಂಬತ್ತು." ಹಿಂದಕ್ಕೆ ಒರಗಿದಳು. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದಳು. ಆಮೇಲೆ ಮೌಸ್ ಹಿಡಿದು ಪುಟವನ್ನು ಮುಚ್ಚಿ, ಇಸ್ಪೀಟು ಆಟ ತೆರೆದು, ಕೆಂಪು ರಾಣಿಯನ್ನು ಎಳೆದು ಕಪ್ಪು ರಾಜನ ಮೇಲೆ ಇಟ್ಟಳು.

ಎಲ್ಲ ಒಟ್ಟಿಗೆ ನೆನಪಾಯಿತು. ಈ ಯಂತ್ರವನ್ನು ಇಲ್ಲಿಗೆ ಕೊಡುವಾಗ ನಾನೇ ಮಾಡಿದ್ದು. ಕಂಪ್ಯೂಟರ್ ಎದ್ದೊಡನೆ ಬ್ರೌಸರ್ ತೆರೆಯಬೇಕು, ಬ್ರೌಸರ್ ತೆರೆದೊಡನೆ ನನ್ನ ಪುಟ ಬರಬೇಕು. ಆಗ ಪುಟ ಹೊಸದು, ಸಿಕ್ಕಿದವರ ಯಂತ್ರಕ್ಕೆಲ್ಲ ಅದನ್ನೇ ಕಟ್ಟುತ್ತಿದ್ದೆ. ಇನ್ನು ಆ ದೂರದ ಊರು... ಕೌಂಟರ್ ತೋರಿಸುವ ಊರನ್ನು ನಂಬಬೇಡಿ, ಅದು ನೆಟ್ ಕಂಪನಿಯ ಊರಾಗಿರುತ್ತದೆ ಎಂದು ಬರೆದವಳೂ ನಾನೇ!

ಅಂದರೆ ಓದುಗರು ಇರಲೇ ಇಲ್ಲ. ನಾನೇ ಮಾಡಿಟ್ಟ ಸೆಟ್ಟಿಂಗು ದಿನಾ ಬೆಳಿಗ್ಗೆ ಎದ್ದು ನನ್ನ ಬಾಗಿಲು ತಟ್ಟುತ್ತಿತ್ತು. ಅಕೌಂಟೆಂಟ್ ಹೇಳಿದ್ದೇ ನಿಜ. ನನಗೆ ನಾಚಿಕೆಯಾಯಿತು, ಒಂಟಿತನವೂ ಆಯಿತು, ಅಷ್ಟು ಜನರ ಮನೆಯಲ್ಲಿ ಕೂತು.

ಇಸ್ಪೀಟು ಸರಿಸಿ ಸೆಟ್ಟಿಂಗ್ಸ್ ತೆರೆದೆ, ತೆಗೆದುಬಿಡೋಣವೆಂದು. ಚಿಕ್ಕಮ್ಮ ಮಣಿಕಟ್ಟು ಹಿಡಿದಳು.

"ಏನದು, ಏನ್ ತೆಗೀತಿದೀಯ?"

ಕಿರುಚಿ ಪ್ರಯೋಜನವಿಲ್ಲ. ನೋಟ್‌ಪ್ಯಾಡ್ ತೆರೆದು, ಅಕ್ಷರವನ್ನು ಇಟ್ಟಿಗೆಯಷ್ಟು ದಪ್ಪ ಮಾಡಿ ಟೈಪ್ ಮಾಡಿದೆ: ನಿನಗೆ ಬೇಡದ ಪುಟ. ದಿನಾ ಮುಚ್ಚುವ ಕೆಲಸ ಯಾಕೆ? ತೆಗೀತೀನಿ.

ಬೆರಳು ಸರಿಸುತ್ತಾ ಓದಿದಳು. ಓದಿ ಸಿಟ್ಟಾದಳು.

"ಮುಟ್ಟಿದ್ರೆ ನೋಡು! ಬೇಡ ಅಂತ ನಾನ್ ಹೇಳಿದ್ನಾ? ನೀನು ಬರೆಯೋದು ನಂಗೇನ್ ತಿಳಿಯುತ್ತೆ, ಕಂಟ್ರೋಲು ಗಿಂಟ್ರೋಲು. ನಾನು ತಾರೀಖು ನೋಡ್ತೀನಿ. ಬದಲಾಗಿದ್ರೆ, ಆಯ್ತು, ಕಡ್ಡಿ ಎದ್ದಿದಾಳೆ, ಬರೆದಿದಾಳೆ, ಚೆನ್ನಾಗಿದಾಳೆ. ಅಷ್ಟು ಸಾಕು ನಂಗೆ. ಆಮೇಲೆ ಇಸ್ಪೀಟು."

ಸೆಟ್ಟಿಂಗ್ಸ್ ಮುಚ್ಚಿದೆ. ಟೈಪ್ ಮಾಡಿದೆ: ಸೊಸೆಯನ್ನು ಕೇಳಬಹುದಲ್ಲ?

"ಕೇಳಿದ್ರೆ 'ಚೆನ್ನಾಗಿದಾರೆ ಅತ್ತೆ' ಅಂತಾಳೆ. ನಿಂತ ಕಾಲಲ್ಲೇ. ನಿನ್ನ ಕೇಳದೇನೇ!"

ಸೊಸೆ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ನಾಲಿಗೆ ಕಚ್ಚಿಕೊಂಡಳು. ನನ್ನ ಕಡೆ ನೋಡಲಿಲ್ಲ.

"ಈ ಯಂತ್ರ ಕೆಟ್ಟಾಗಿಂದ ನಂಗೆ ಅನ್ನ ಇಳೀತಿಲ್ಲ," ಎಂದಳು ಚಿಕ್ಕಮ್ಮ. "ಇಸ್ಪೀಟಿಗೆ ಒದ್ದಾಡ್ತಿದಾರೆ ಅಂತ ಇವರೆಲ್ಲ ನಗ್ತಾರೆ. ನಗ್ಲಿ. ಹೋದ ತಿಂಗಳು ಒಂದಿನ ಮನಸ್ಸಿಗೆ ಯಾಕೋ ಸಮ ಇರ್ಲಿಲ್ಲ. ನಿನ್ನದೇ ಯೋಚನೆ. ನೋಡ್ಕೊಂಡೇ ಬರೋಣ, ಬಸ್ ಹತ್ತೋಣ ಅಂತ ಚೀಲಕ್ಕೆ ಒಂದು ಸೀರೆ ಹಾಕ್ಕೊಂಡು ನಿಂತಿದ್ದೆ. ಯಾವುದಕ್ಕೂ ಇರ್ಲಿ ಅಂತ ಇದನ್ನ ಹಾಕಿ ನೋಡ್ದೆ. ತಾರೀಖು ಬದಲಾಗಿತ್ತು. ಸದ್ಯ ಅಂತ ಚೀಲ ಕೆಳಗಿಟ್ಟೆ. ಆಗ ನಿಂಗೇನೂ ಆಗಿರ್ಲಿಲ್ಲ ತಾನೆ?"

ನೋಟ್‌ಪ್ಯಾಡಿನ ಹಳೆಯ ಸಾಲು ಅಳಿಸಿದೆ.

ಏನೂ ಆಗಿರಲಿಲ್ಲ, ಎಂದು ಟೈಪ್ ಮಾಡಿದೆ. ಇಟ್ಟಿಗೆಯಷ್ಟು ದಪ್ಪ ಅಕ್ಷರದಲ್ಲಿ.

"ಹಂಗಾದ್ರೆ ಸರಿ. ನೋಡು, ಇದು ಚೆನ್ನಾಗಿದೆ ಕಣೇ, ಕಿರುಚೋ ಹಾಗಿಲ್ಲ," ಎಂದಳು. ಪುಟ ತೆಗೆಯಲು ಬಿಡಲಿಲ್ಲ.

ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿ ಅತ್ತೆ. ಪಕ್ಕದ ಹೆಂಗಸು ನೀರಿನ ಬಾಟಲಿ ಕೊಟ್ಟಳು, ಏನೂ ಕೇಳಲಿಲ್ಲ. ಯಾರೂ ಬರಲಿಲ್ಲ ಎಂದು ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಬರುವವಳು ಇದ್ದಳು. ಚೀಲ ಹಿಡಿದು ನಿಂತಿದ್ದಳು. ನಾನು ನೆಲದ ಮೇಲೆ ಬಿದ್ದಿರುವಾಗ, ಅವಳು ಚೆನ್ನಾಗಿದ್ದಾಳೆ, ನೀವು ಬರುವುದು ಬೇಡ ಎಂದು ನನ್ನ ಶೆಡ್ಯೂಲು ಅವಳಿಗೆ ಸುಳ್ಳು ಹೇಳಿ ಕೂರಿಸಿತು.

ಜೂನ್ 11, ಬೆಳಿಗ್ಗೆ

ಶೆಡ್ಯೂಲಿನಲ್ಲಿದ್ದ ಅಷ್ಟೂ ಟಿಪ್ಪಣಿಗಳನ್ನು ಆರಿಸಿ, ಡ್ರಾಫ್ಟ್‌ಗೆ ತಳ್ಳಿದೆ. ಇನ್ನು ಮೇಲೆ ಕೈಯಾರೆ. ಎದ್ದರೆ ಮಾತ್ರ ತಾರೀಖು. ಏಳದಿದ್ದರೆ ಇಲ್ಲ.

ಐದೂ ಮುಕ್ಕಾಲಿಗೆ ಹಾಕಿದೆ. ಆರು ಹತ್ತಕ್ಕೆ ಕೌಂಟರಿನಲ್ಲಿ ಸಾಲು ಬಂತು. ಹಳೇ ಬ್ರೌಸರ್, ಸಣ್ಣ ಪರದೆ. ನಾನೂ "ಸದ್ಯ" ಎಂದೆ, ಗಟ್ಟಿಯಾಗಿಯೇ.

ಜೂನ್ 19

ತಾರೀಖನ್ನು ಇನ್ನೂ ದೊಡ್ಡದು ಮಾಡಿದ್ದೇನೆ. ಅರ್ಧ ಪರದೆ ಅದೇ. ಅದರ ಕೆಳಗೆ ಒಂದು ಸಾಲು ಸೇರಿಸುತ್ತೇನೆ, ಟಿಪ್ಪಣಿಗೂ ಮುಂಚೆ. "ಇವತ್ತು ಕೆಮ್ಮು ಇಲ್ಲ. ಹೊಸ ಚಪ್ಪಲಿ ಕಚ್ಚುತ್ತಿದೆ." ಆಮೇಲೆ ಫೈಲಿನ ಹೆಸರು ಬದಲಿಸಲು ಎಫ್-ಎರಡು ಒತ್ತಿ ಎಂಬ ಟಿಪ್ಪಣಿ. ಬೇರೆ ಯಾರಾದರೂ ಓದಿದರೆ ಹುಚ್ಚು ಹಿಡಿದಿದೆ ಎಂದುಕೊಳ್ಳುತ್ತಾರೆ. ಬೇರೆ ಯಾರು ಓದುತ್ತಾರೆ.

ಜೂನ್ 25

ಅಕೌಂಟೆಂಟ್ ಸ್ಟೇಪ್ಲರ್ ತಂದುಕೊಟ್ಟರು. ಹೊರಟವರು ನಿಂತು, "ಚಪ್ಪಲಿ ಈಗ ಹೇಗಿದೆ ಮೇಡಂ?" ಎಂದರು.

ಸ್ಟೇಪ್ಲರನ್ನು ಡ್ರಾಯರಿಗೆ ಹಾಕಿದೆ. "ಪರವಾಗಿಲ್ಲ," ಎಂದೆ. ಊಟಕ್ಕೆ ಅವರೆಲ್ಲ ಎಂದಿನ ಹಾಗೆ ಎದ್ದು ಹೋದರು.

ಜುಲೈ 5

ನಿದ್ದೆ ಹತ್ತಿಬಿಟ್ಟಿತ್ತು. ಎದ್ದಾಗ ಆರು ಐದು. ಕನ್ನಡಕ ಸಿಗದೆ, ಟಿಪ್ಪಣಿಯಿಲ್ಲದೆ ಬರೀ ತಾರೀಖು ಹಾಕಿದೆ. ಸರಿಯಾದ ಹೊತ್ತಿಗೆ ಬಿತ್ತು. ಆಮೇಲೆ ಕನ್ನಡಕ ಹುಡುಕಿದೆ.

ಜುಲೈ 9

ಒಂದು ಯೋಚನೆ ಬಂದಿದೆ, ಹೋಗುತ್ತಿಲ್ಲ. ಒಂದು ದಿನ ಬೇಕೆಂದೇ ಹಾಕದಿದ್ದರೆ? ಯಾವ ಸಾಫ್ಟ್‌ವೇರನ್ನಾದರೂ ನಂಬುವ ಮೊದಲು ಪರೀಕ್ಷೆ ಮಾಡಿ ಎಂದು ನಾನೇ ಬರೆಯುತ್ತೇನೆ. ಬ್ಯಾಕಪ್ ಇದೆ ಎಂದರೆ ಸಾಲದು, ಅದು ವಾಪಸ್ ಬರುತ್ತದೆಯೇ ಎಂದು ನೋಡಬೇಕು.

ಅವಳಿಗೂ ವಯಸ್ಸಾಯಿತು. ತಾರೀಖು ಬದಲಾಗಿಲ್ಲ ಎಂದರೆ, ಇನ್ನೂ ಎದ್ದಿಲ್ಲವೇನೋ ಎಂದುಕೊಂಡು ಇಸ್ಪೀಟಿಗೆ ಹೋಗಬಹುದು. ಸೊಸೆಯನ್ನು ಕೇಳಬಹುದು, ಸೊಸೆ "ಚೆನ್ನಾಗಿದಾರೆ" ಅನ್ನಬಹುದು. ಮೂರು ಮಹಡಿ ಇಳಿದು, ಕಿವಿ ಕೇಳದವಳು, ಆ ಬಸ್ ಸ್ಟ್ಯಾಂಡಿನಲ್ಲಿ... ಬರುವುದಾದರೂ ಹೇಗೆ.

ಯಾರೂ ಬರದಿದ್ದರೆ ಏನು ಮಾಡಲಿ? ಅದನ್ನು ತಿಳಿದುಕೊಂಡು ಈ ಮನೆಯಲ್ಲಿ ಬದುಕಬೇಕು. ಧೈರ್ಯ ಸಾಲಲಿಲ್ಲ. ಹಾಕಿದೆ. ಸಾಲು ಬಂತು.

ಜುಲೈ 13, ಸಂಜೆ

ಗಾಳಿ. ಬೀದಿಯ ತುದಿಯ ಕಂಬ ಉರುಳಿ ತಂತಿಯೆಲ್ಲ ರಸ್ತೆಯ ಮೇಲೆ. ಕರೆಂಟಿಲ್ಲ, ನೆಟ್ ಇಲ್ಲ. ಯು.ಪಿ.ಎಸ್. ಕೂಗಿ ಕೂಗಿ ಸುಮ್ಮನಾಯಿತು. ಫೋನಿನಲ್ಲಿ ಸಿಗ್ನಲ್ ಇಲ್ಲ, ಚಾರ್ಜೂ ಮುಗಿಯುತ್ತಾ ಬಂದಿದೆ. ಬೆಳಿಗ್ಗೆಯೊಳಗೆ ಸರಿಮಾಡುತ್ತೇವೆ ಎಂದರಂತೆ ಲೈನ್‌ಮನ್.

ಜುಲೈ 14, ಭಾನುವಾರ, ಬೆಳಿಗ್ಗೆ ಆರು ಗಂಟೆ

ಸರಿಯಾಗಿಲ್ಲ. ಫೋನ್ ಸತ್ತಿದೆ. ಓನರಮ್ಮನ ಫೋನಿನಲ್ಲಿ ಜೀವ ಇದೆ, ಸಿಗ್ನಲ್ ಇಲ್ಲ. ಆಫೀಸಿಗೆ ಬೀಗ. ಮುಖ್ಯರಸ್ತೆಯ ಸೈಬರ್ ಅಂಗಡಿಯವರೆಗೆ ಓಡಿ ಹೋಗಿ ಬಂದೆ, ಶಟರ್ ಎಳೆದಿದೆ.

ಈಗ ಅವಳು ಸ್ವಿಚ್ ಹಾಕಿರುತ್ತಾಳೆ. ಬೀಪ್ ಎಂದಿರುತ್ತದೆ. ಪುಟ ಬಂದಿರುತ್ತದೆ. ಅರ್ಧ ಪರದೆ ತುಂಬ ನಿನ್ನೆಯ ತಾರೀಖು.

ನಾನು ಚೆನ್ನಾಗಿದ್ದೇನೆ ಚಿಕ್ಕಮ್ಮ. ನಿಜವಾಗಿಯೂ ಚೆನ್ನಾಗಿದ್ದೇನೆ. ಹೇಳುವುದು ಹೇಗೆ?

ಏಳೂವರೆ

ಇಲ್ಲ. ಲೈನ್‌ಮನ್ ಕಂಬದ ಬುಡದಲ್ಲಿ ಚಹಾ ಕುಡಿಯುತ್ತಿದ್ದಾನೆ. ಕೇಳಿದರೆ, "ಭಾನುವಾರ ಅಲ್ವಾ ಮೇಡಂ, ಏನ್ ಅರ್ಜೆಂಟು?" ಎನ್ನುತ್ತಾನೆ.

ಏನು ಅರ್ಜೆಂಟು ಎಂದು ಅವನಿಗೆ ಹೇಗೆ ಹೇಳಲಿ. ಹಿಂದಕ್ಕೆ ಬಂದೆ.

ಹತ್ತು ದಾಟಿದೆ

ಹಾಲು ಉಕ್ಕಿತು, ಒರೆಸಿದೆ. ಸುಮ್ಮನೆ ಕೂತಿದ್ದೇನೆ. ನಾನು ಮಾಡಲು ಹೆದರಿದ ಪರೀಕ್ಷೆಯನ್ನು ಗಾಳಿಯೇ ಮಾಡಿಬಿಟ್ಟಿತು. ಇಷ್ಟು ಹೊತ್ತಿಗೆ ಇಸ್ಪೀಟು ಆಡುತ್ತಿರುತ್ತಾಳೆ. ಆಡಲಿ. ಅವಳು ಗಾಬರಿಯಾಗದಿದ್ದರೇ ಒಳ್ಳೆಯದು ಎಂದು ಒಂದು ಮನಸ್ಸು. ಇನ್ನೊಂದು ಮನಸ್ಸಿನ ಮಾತನ್ನು ಇಲ್ಲಿ ಬರೆಯಲೂ ನಾಚಿಕೆ.

ಕೆಳಗೆ ಓನರಮ್ಮ ಯಾರ ಜೊತೆಗೋ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದಾರೆ. ಮಾತಲ್ಲ, ಕಿರುಚುತ್ತಿದ್ದಾರೆ. "ಮೇಲೆ! ಮೇಲೆ ಅಂದೆ! ಇದಾರೆ, ಚೆನ್ನಾಗಿದಾರೆ! ನಿಧಾನ ಅಮ್ಮಾ, ಮೆಟ್ಟಿಲು ಕಡಿದಾಗಿದೆ... ಚೀಲ ನಂಗೆ ಕೊಡಿ!"

ಮೆಟ್ಟಿಲ ಮೇಲೆ ಕೋಲಿನ ಸದ್ದು. ಒಂದು ಮೆಟ್ಟಿಲು, ನಿಂತಿತು. ಇನ್ನೊಂದು. ಈ ಮನೆಯಲ್ಲಿ ಕೋಲು ಊರುವವರು ಯಾರೂ—